ಮಂಪರು ಔಷಧವಿಲ್ಲದೆ ಮಿದುಳಿನ ಚಿತ್ರ

ತಲೆಯಲ್ಲಿ ನೀರು ತುಂಬುವ ಹೈಡ್ರೋಕೆಫಲಸ್ ರೋಗಕ್ಕೆ ಷಂಟ್ ನಳಿಕೆ ಹಾಕಿದ ಮಗುವಿಗೆ ಮಿದುಳಿನ ಚಿತ್ರ ಪದೇಪದೇ ಬೇಕಾಗುತ್ತದೆ. ಸಿ.ಟಿ. ಸ್ಕ್ಯಾನಿನಲ್ಲಿ ಪ್ರತಿ ಸಲವೂ ಕ್ಷ-ಕಿರಣ ತಾಗುತ್ತದೆ. ಎಂ.ಆರ್.ಐ.ಗೆ ಆ ಕಿರಣವಿಲ್ಲ. ಆದರೆ ಅರ್ಧ ಗಂಟೆ ಅಲುಗಾಡದೆ ಮಲಗಬೇಕು. ಅದಕ್ಕೇ ಉಪವಾಸ, ಮಂಪರು ಔಷಧ. ಶೆಟಗೇರಿಯಿಂದ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹಸಿದ ಕೂಸನ್ನು ಎತ್ತಿಕೊಂಡು ಹೋಗುವುದು ಸುಲಭವೇ?

ಮಿದುಳಿನೊಳಗಿನ ನೀರಿನ ಕುಹರಗಳು ಹಿಗ್ಗಿವೆಯೇ ಎಂದಷ್ಟೇ ನೋಡಲು ಶೀಘ್ರ ಎಂ.ಆರ್.ಐ. ಸಾಕು. ಒಂದೊಂದು ಚಿತ್ರವೂ ಸುಮಾರು ಒಂದು ಸೆಕೆಂಡಿನಲ್ಲಿ ಮೂಡುವುದರಿಂದ ಮಗು ತುಸು ಮಿಸುಕಿದರೂ ಚಿಂತೆಯಿಲ್ಲ. ಕೆಲವೇ ನಿಮಿಷಗಳ ಕೆಲಸ. ಈ ಸೌಲಭ್ಯ ಉಂಟೇ ಎಂದು ವೈದ್ಯರನ್ನು ಮೊದಲೇ ಕೇಳಿ. ಹೊರಗಿನಿಂದ ಹೊಂದಿಸುವ ಕವಾಟದ ಷಂಟ್ ಆಗಿದ್ದರೆ ತಪ್ಪದೆ ತಿಳಿಸಿ. ಅಯಸ್ಕಾಂತದಿಂದ ಹೊಂದಿಕೆ ಬದಲಾಗಬಹುದು, ಬಳಿಕ ಪರೀಕ್ಷಿಸಬೇಕು. ವಾಂತಿ, ತಲೆನೋವು, ವಿಪರೀತ ನಿದ್ದೆ ಕಂಡರೆ ಮಾತ್ರ ತಪಾಸಣೆಯ ದಿನಕ್ಕೆ ಕಾಯದೆ ಕೂಡಲೇ ಹೊರಡಿ.