ರಾತ್ರಿ ಪಾಳಿ ಮತ್ತು ದೇಹದ ಗಡಿಯಾರ

ಫ್ರಾನ್ಸಿನ ಭೂವಿಜ್ಞಾನಿ ಮಿಷೆಲ್ ಸಿಫ್ರ್ 1962ರ ಜುಲೈ ತಿಂಗಳಲ್ಲಿ ಆಲ್ಪ್ಸ್ ಪರ್ವತದ ಗುಹೆಯೊಂದಕ್ಕೆ ಇಳಿದು, ಗಡಿಯಾರವಿಲ್ಲದೆ, ಬಿಸಿಲು ಕಾಣದೆ ಒಬ್ಬರೇ ಉಳಿದರು. ಸೆಪ್ಟೆಂಬರ್ 14ರಂದು ಅವರನ್ನು ಹೊರಕ್ಕೆ ಕರೆದಾಗ, ಅವರ ದಿನಚರಿಯ ಪ್ರಕಾರ ಅಂದು ಆಗಸ್ಟ್ 20! ಲೆಕ್ಕದಲ್ಲಿ 25 ದಿನಗಳ ಕೊರತೆ. ಆದರೆ ಅವರು ಮಲಗಿದ, ಎದ್ದ ವೇಳೆಗಳನ್ನು ಮೇಲಿದ್ದ ಸಂಗಡಿಗರು ದೂರವಾಣಿಯ ಮೂಲಕ ಕೇಳಿ ಬರೆದಿಟ್ಟಿದ್ದರು. ಅದರಂತೆ ಅವರ ದೇಹ ಸುಮಾರು ಇಪ್ಪತ್ತನಾಲ್ಕೂವರೆ ಗಂಟೆಗಳ ದಿನವನ್ನು ತಪ್ಪದೆ ಪಾಲಿಸಿತ್ತು. ಮನಸ್ಸು ತಪ್ಪಿದ ಲೆಕ್ಕವನ್ನು ದೇಹ ತಪ್ಪಿರಲಿಲ್ಲ.

ಈ ಗಡಿಯಾರದ ಕೇಂದ್ರ ಮೆದುಳಿನೊಳಗೆ, ಕಣ್ಣಿನ ನರಗಳು ಒಂದನ್ನೊಂದು ದಾಟುವ ಸ್ಥಳದ ಮೇಲ್ಭಾಗದಲ್ಲಿದೆ. ಪ್ರತಿದಿನದ ಬೆಳಕು ಅದನ್ನು ಸೂರ್ಯನ ವೇಳೆಗೆ ಸರಿಹೊಂದಿಸುತ್ತದೆ. ಜೀವಕೋಶಗಳಲ್ಲಿ ಅದು ನಡೆಯುವ ಬಗೆಯನ್ನು ಕಂಡುಹಿಡಿದ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ 2017ರ ನೊಬೆಲ್ ಪ್ರಶಸ್ತಿ ದೊರೆಯಿತು. ಬೆಳಗಿನ ಜಾವಕ್ಕೆ ದೇಹದ ಉಷ್ಣಾಂಶ ಅತ್ಯಂತ ಕೆಳಗಿಳಿದು, ಎಚ್ಚರವೂ ಕುಗ್ಗುತ್ತದೆ. ಕೂಲಿ ಎಷ್ಟೇ ಹೆಚ್ಚಿಸಿದರೂ ಈ ನಿಯಮ ಬದಲಾಗದು.

ಯಂತ್ರಗಳ ಮೇಲೆ ಹೂಡಿದ ಬಂಡವಾಳ ಸುಮ್ಮನಿರಬಾರದೆಂದು ಮೂರು ಪಾಳಿ ನಡೆಸುವ ಉದ್ಯಮಿಗಳು ಸವಕಳಿಯನ್ನು ಪೈಸೆ ಪೈಸೆಗೂ ಲೆಕ್ಕ ಹಾಕುತ್ತಾರೆ. ಕಾರ್ಮಿಕನ ನಿದ್ದೆ ಯಾವ ಖಾತೆಗೂ ಬೀಳುವುದಿಲ್ಲ. ಅಮೆರಿಕದ ಯೂಟಾ ರಾಜ್ಯದ ಪೊಟ್ಯಾಷ್ ಕಾರ್ಖಾನೆಯೊಂದರಲ್ಲಿ ಪಾಳಿಗಳು ವಾರಕ್ಕೊಮ್ಮೆ ಹಿಂದಕ್ಕೆ, ಅಂದರೆ ರಾತ್ರಿಯಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ಬೆಳಿಗ್ಗೆಗೆ ಸರಿಯುತ್ತಿದ್ದವು. ನಿದ್ದೆಗೆಟ್ಟ ಕಾರ್ಮಿಕರ ದೂರುಗಳು ನಿಲ್ಲಲಿಲ್ಲ. ವಿಜ್ಞಾನಿಗಳ ಸಲಹೆಯಂತೆ ಕ್ರಮವನ್ನು ತಿರುಗಿಸಿ, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮಾಡಿ, ಬದಲಾವಣೆಯ ಅವಧಿಯನ್ನು 21 ದಿನಗಳಿಗೆ ವಿಸ್ತರಿಸಲಾಯಿತು. ಕಾರ್ಮಿಕರ ತೃಪ್ತಿ, ಆರೋಗ್ಯ ಸುಧಾರಿಸಿದವು, ಕೆಲಸ ಬಿಟ್ಟು ಹೋಗುವವರು ಕಡಿಮೆಯಾದರು, ಉತ್ಪಾದನೆಯೂ ಏರಿತು. 1982ರಲ್ಲಿ ಈ ಫಲಿತಾಂಶ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಕಾರಣ ಸಿಫ್ರ್ ಅವರ ಗುಹೆಯಲ್ಲಿಯೇ ಇದೆ. ದೇಹದ ದಿನ ಇಪ್ಪತ್ತನಾಲ್ಕು ಗಂಟೆಗಿಂತ ತುಸು ದೀರ್ಘವಾದುದರಿಂದ ತಡವಾಗಿ ಮಲಗುವುದು ಸುಲಭ, ಬೇಗ ಮಲಗುವುದು ಕಷ್ಟ. ಎಷ್ಟು ದಿನಗಳಿಗೊಮ್ಮೆ ಪಾಳಿ ಬದಲಿಸಬೇಕೆಂಬುದರಲ್ಲಿ ತಜ್ಞರಿಗೆ ಒಮ್ಮತವಿಲ್ಲ; ಎರಡು ಮೂರು ದಿನಗಳೇ ಲೇಸೆನ್ನುವವರೂ ಉಂಟು. ದಿಕ್ಕಿನ ವಿಷಯದಲ್ಲಿ ಮಾತ್ರ ಭಿನ್ನಾಭಿಪ್ರಾಯ ಕಡಿಮೆ. ದಿಕ್ಕು ಬದಲಿಸಲು ಬಂಡವಾಳ ಬೇಕಿಲ್ಲ, ಸೂಚನಾ ಫಲಕದ ಹಾಳೆಯೊಂದು ಸಾಕು.

ಹತ್ತು ಹದಿನೈದು ಜನರ ಘಟಕದಲ್ಲಿ ಇಂತಹ ಅಧ್ಯಯನ ಅಸಾಧ್ಯವೆನಿಸಬಹುದು. ಆದರೂ ತಿರಸ್ಕೃತ ಮಾಲಿನ ರಿಜಿಸ್ಟರಿನಲ್ಲಿ ದಿನಾಂಕದ ಜೊತೆಗೆ ಗಂಟೆಯನ್ನೂ ಬರೆಸಿದರೆ, ಮೂರು ತಿಂಗಳೊಳಗೆ ರಾತ್ರಿ ಮೂರರಿಂದ ಆರರವರೆಗಿನ ನಷ್ಟ ಎಷ್ಟೆಂಬುದು ಮಾಲೀಕರ ಕಣ್ಣಿಗೆ ಬೀಳುತ್ತದೆ.