ಗೇರ್‌ಬಾಕ್ಸಿನ ಸದ್ದಿಗೆ ಕಿವಿಗೊಡುವವರು

ಹೊಸೂರಿನಿಂದ ಬೆಂಗಳೂರಿನತ್ತ ಹೊರಟರೆ ಊರು ಮುಗಿಯುವ ಮುನ್ನವೇ ಮೂಕಂಡಪಲ್ಲಿ ಸಿಗುತ್ತದೆ. ಹೆದ್ದಾರಿಯ ಮಗ್ಗುಲಿಗೇ ಸಿಪ್ಕಾಟ್ ಕೈಗಾರಿಕಾ ಪ್ರದೇಶ. ವಾಹನಗಳ ಬಿಡಿಭಾಗ ತಯಾರಿಸುವ ದೊಡ್ಡ, ಸಣ್ಣ ಘಟಕಗಳು ಅಲ್ಲಿವೆ. ಅವುಗಳ ಹೊರಗೆ, ಲೋಡು ಗಾಡಿಗಳು ಓಡಾಡುವ ದಾರಿಗಳಲ್ಲಿ, ತಗಡಿನ ಸೂರಿನ ಗ್ಯಾರೇಜುಗಳು. ಹಳೆಯ ಪಿಕಪ್ ಗಾಡಿಯ ಗೇರ್‌ಬಾಕ್ಸನ್ನು ಬಿಚ್ಚದೆ, ಅದರ ಸದ್ದನ್ನಷ್ಟೇ ಕೇಳಿ, ಒಳಗೆ ಯಾವ ಭಾಗ ಸವೆದಿದೆ ಎಂದು ಹೇಳುವ ವಿದ್ಯೆ ಉಳಿದಿರುವುದು ಇಂಥ ಗ್ಯಾರೇಜುಗಳಲ್ಲಿ.

ವಾಹನದ ಕಸುಬು ಹೊಸೂರಿಗೆ ಬಂದು ನಾಲ್ಕು ದಶಕ ದಾಟಿತು. ತಮಿಳುನಾಡು ಸರ್ಕಾರ 1971ರಲ್ಲಿ ಸಿಪ್ಕಾಟ್ ಸಂಸ್ಥೆಯನ್ನು ಕಟ್ಟಿತು. 1980ರಲ್ಲಿ ಅಶೋಕ್ ಲೇಲ್ಯಾಂಡ್ ಇಲ್ಲಿ ಟ್ರಕ್ ಕಾರ್ಖಾನೆ ತೆರೆಯಿತು. ಟಿವಿಎಸ್ 50 ಮೊಪೆಡ್ ಹೊರಬಂದದ್ದೂ ಅದೇ ವರ್ಷ, ಇದೇ ಊರಿನಿಂದ. 2011ರಲ್ಲಿ ಅಶೋಕ್ ಲೇಲ್ಯಾಂಡ್ ಮತ್ತು ಜಪಾನಿನ ನಿಸ್ಸಾನ್ ಕೂಡಿ ದೋಸ್ತ್ ಎಂಬ ಪುಟ್ಟ ಲೋಡು ಗಾಡಿಯನ್ನು ಹೊಸೂರಿನಲ್ಲೇ ತಯಾರಿಸತೊಡಗಿದವು. ಮೂರು ಸಿಲಿಂಡರಿನ ಡೀಸೆಲ್ ಎಂಜಿನ್ನು, ಐದು ಗೇರು, ಒಂದೂಕಾಲು ಟನ್ ಹೊರುವ ಶಕ್ತಿ. ಐದೇ ವರ್ಷದಲ್ಲಿ ನಿಸ್ಸಾನ್ ಆ ಪಾಲುದಾರಿಕೆಯಿಂದ ಹೊರನಡೆಯಿತು, ಗಾಡಿ ಮಾತ್ರ ನಿಲ್ಲಲಿಲ್ಲ. ಮೊದಲ ಕಂತಿನ ದೋಸ್ತ್‌ಗಳು, ಅವಕ್ಕಿಂತ ಹಳೆಯ ಬೊಲೆರೊ ಪಿಕಪ್‌ಗಳು, ಟಾಟಾ 207ಗಳು ಈಗ ಕೈಯಿಂದ ಕೈಗೆ ಸಾಗುತ್ತ ಬಂದಿರುವ ಗಾಡಿಗಳು. ರಾಯಕೋಟೆಯ ಟೊಮೆಟೊ, ತಳಿ ಕಡೆಯ ಕೋಸು, ಬೇರಿಗೆ, ಬಾಗಲೂರಿನ ಗುಲಾಬಿ ಈ ಗಾಡಿಗಳ ಬೆನ್ನೇರಿಯೇ ಬೆಂಗಳೂರು ಸೇರಬೇಕು. ಹೂವು, ತರಕಾರಿ ಗ್ಯಾರೇಜಿನಲ್ಲಿ ಕಾಯುವುದಿಲ್ಲ. ಗೇರ್‌ಬಾಕ್ಸ್ ಇಳಿಸಿದರೆ ಒಂದು ದಿನದ ಬಾಡಿಗೆ ಹೋಯಿತು. ಇಳಿಸಿದ ಮೇಲೆ ತಪ್ಪು ಅದರಲ್ಲಿರಲಿಲ್ಲ ಎಂದಾದರೆ ಕೂಲಿಯೂ ವ್ಯರ್ಥ. ಅದಕ್ಕೇ ಇಲ್ಲಿ ಕಿವಿಗೆ ಬೆಲೆ.

ಡ್ರೈವರುಗಳು ಬಂದವರೇ ಸದ್ದನ್ನು ಬಾಯಲ್ಲಿ ಮಾಡಿ ತೋರಿಸುತ್ತಾರೆ. ಗರ್ರ್ ಅನ್ನುತ್ತೆ, ಕರಕರ ಅನ್ನುತ್ತೆ, ಟಕ್ ಟಕ್ ಅನ್ನುತ್ತೆ, ಗುಂಯ್ ಅಂತ ಎಳೆಯುತ್ತೆ. ಕನ್ನಡ, ತೆಲುಗು, ತಮಿಳು, ಉರ್ದು ಒಂದೇ ಅಂಗಳದಲ್ಲಿ ಕಲೆಯುವ ಸೀಮೆ ಇದು. ಯಾರ ಗರ್ರ್ ಆದರೂ ಎಲ್ಲರಿಗೂ ತಿಳಿಯುತ್ತದೆ. ಪಳಗಿದ ಮೇಸ್ತ್ರಿ ಅದನ್ನು ಸಾವಧಾನದಿಂದ ಕೇಳುತ್ತಾನೆ, ಆದರೆ ಅಷ್ಟಕ್ಕೇ ತೀರ್ಮಾನಕ್ಕೆ ಬರುವುದಿಲ್ಲ. ಅವನು ತಿರುಗಿ ಕೇಳುವುದು ಬೇರೆ: ಯಾವಾಗ ಬರುತ್ತೆ? ಕ್ಲಚ್ ಒತ್ತಿದಾಗಲೋ, ಬಿಟ್ಟಾಗಲೋ? ಯಾವ ಗೇರಿನಲ್ಲಿ? ಏರಿನಲ್ಲೋ, ಇಳಿಜಾರಿನಲ್ಲೋ?

ಈ ಪ್ರಶ್ನೆಗಳಲ್ಲೇ ವಿದ್ಯೆಯ ತಿರುಳಿದೆ. ಗೇರ್‌ಬಾಕ್ಸಿನ ಎಲ್ಲ ಭಾಗಗಳೂ ಎಲ್ಲ ಹೊತ್ತಿನಲ್ಲೂ ತಿರುಗುವುದಿಲ್ಲ. ತಿರುಗಿದರೂ ಎಲ್ಲವೂ ಭಾರ ಹೊರುವುದಿಲ್ಲ. ಸದ್ದು ಬಂದ ಗಳಿಗೆಯಲ್ಲಿ ಯಾವುದು ತಿರುಗುತ್ತಿತ್ತು, ಯಾವುದು ಭಾರ ಹೊತ್ತಿತ್ತು ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಸದ್ದು ಬಂದ ದಿಕ್ಕನ್ನು ನಂಬಿದರೆ ಮೋಸ ಹೋಗುತ್ತೇವೆ. ತಾಮ್ರದ ಕೊಡಪಾನಕ್ಕೆ ಎಲ್ಲಿ ತಟ್ಟಿದರೂ ಇಡೀ ಕೊಡ ಮೊಳಗುವ ಹಾಗೆ, ಗೇರ್‌ಬಾಕ್ಸಿನ ಹೊರಕವಚದ ಒಂದು ಮೂಲೆಯ ಕಂಪನ ಉದ್ದಕ್ಕೂ ಹಬ್ಬುತ್ತದೆ.

ಪರೀಕ್ಷೆ ಗಾಡಿ ನಿಂತಲ್ಲೇ ಶುರುವಾಗುತ್ತದೆ. ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಲು ಬಿಡುತ್ತಾರೆ. ಕ್ಲಚ್ ಪೆಡಲ್ ಮೇಲೆ ಕಾಲಿಲ್ಲ. ಈಗ ಎಂಜಿನ್ನಿನ ಜೊತೆ ಇನ್‌ಪುಟ್ ಶಾಫ್ಟ್ ತಿರುಗುತ್ತಿದೆ, ಅದಕ್ಕೆ ಸದಾ ಕಚ್ಚಿಕೊಂಡಿರುವ ಕೆಳಗಿನ ಲೇ ಶಾಫ್ಟೂ ತಿರುಗುತ್ತಿದೆ. ಚಕ್ರದ ಕಡೆಯ ಶಾಫ್ಟ್ ಮಾತ್ರ ನಿಂತಿದೆ. ಗರಗರ ಸದ್ದು ಈಗಲೇ ಇದ್ದು, ಪೆಡಲ್ ಪೂರ್ತಿ ಒತ್ತಿ ಕೆಲವು ಕ್ಷಣ ಹಿಡಿದಾಗ ಅಡಗಿಹೋದರೆ, ಅನುಮಾನ ಇನ್‌ಪುಟ್ ಶಾಫ್ಟಿನ ಅಥವಾ ಲೇ ಶಾಫ್ಟಿನ ಬೇರಿಂಗಿನ ಮೇಲೆ. ಎಂಜಿನ್ನಿನಿಂದ ಬೇರ್ಪಟ್ಟೊಡನೆ ಅವು ನಿಲ್ಲುತ್ತವೆ, ಸದ್ದೂ ನಿಲ್ಲುತ್ತದೆ. ಇದಕ್ಕೆ ವಿರುದ್ಧವಾಗಿ, ಕಾಲಿಟ್ಟಾಗ ಸದ್ದು ಹುಟ್ಟಿ, ತೆಗೆದಾಗ ಮಾಯವಾದರೆ ಅದು ಪೆಡಲ್ ಒತ್ತಿದಾಗ ಕ್ಲಚ್ಚನ್ನು ತಳ್ಳಿ ಬಿಡಿಸುವ ರಿಲೀಸ್ ಬೇರಿಂಗ್. ಪೆಡಲನ್ನು ಆರಂಭದ ಸಡಿಲು ಮುಗಿಯುವಷ್ಟೇ ಒತ್ತಿದಾಗ ಕಿರ್ ಎಂದಿತಾದರೆ ಇನ್ನೂ ಖಚಿತ. ಗೇರು ಹಾಕಿ, ಪೆಡಲ್ ಒತ್ತಿ ಹಿಡಿದಾಗ ಮಾತ್ರ ಕೀಚಲು ದನಿ ಕೇಳಿದರೆ, ಫ್ಲೈವೀಲಿನ ನಡುವೆ ಕೂತ ಪೈಲಟ್ ಬೇರಿಂಗನ್ನೂ ನೋಡಬೇಕು. ಆಗ ಫ್ಲೈವೀಲ್ ತಿರುಗುತ್ತಿರುತ್ತದೆ, ಅದರೊಳಗೆ ತೂರಿದ ಶಾಫ್ಟಿನ ತುದಿ ನಿಂತಿರುತ್ತದೆ.

ರಿಲೀಸ್ ಬೇರಿಂಗನ್ನು ಬಹಳ ಸಲ ನಾವೇ ಕೊಲ್ಲುತ್ತೇವೆ. ಗಾಡಿ ಓಡಿಸುವಾಗಲೆಲ್ಲ ಎಡಗಾಲನ್ನು ಕ್ಲಚ್ ಮೇಲೆ ಒರಗಿಸಿಟ್ಟರೆ ಅದಕ್ಕೆ ವಿರಾಮವೇ ಇಲ್ಲ. ಗ್ಯಾರೇಜಿನಲ್ಲಿ ಅದನ್ನು ಡೀಸೆಲ್‌ನಲ್ಲಿ ಅದ್ದಿ ತೊಳೆಯುವುದು ಇನ್ನೊಂದು ಕೆಟ್ಟ ಅಭ್ಯಾಸ. ಅದರ ಗ್ರೀಸನ್ನು ಕಾರ್ಖಾನೆಯಲ್ಲೇ ತುಂಬಿ ಮುಚ್ಚಿರುತ್ತಾರೆ. ತೊಳೆದರೆ ಕೊಳೆಯ ಜೊತೆ ಅದೂ ಕರಗುತ್ತದೆ.

ಮೂರು ಸಿಲಿಂಡರಿನ ಗಾಡಿಗಳಿಗೆ ಇನ್ನೊಂದು ಲಕ್ಷಣವಿದೆ. ಎಂಜಿನ್ನಿನ ನಿಧಾನದ ಓಟದಲ್ಲಿ ಅದರ ತಿರುಗಾಟ ನುಣುಪಾಗಿರುವುದಿಲ್ಲ, ಬಿಟ್ಟುಬಿಟ್ಟು ತಳ್ಳುತ್ತದೆ. ಆ ನೂಕಿಗೆ ಭಾರವಿಲ್ಲದ ಗೇರಿನ ಹಲ್ಲುಗಳು ಒಂದಕ್ಕೊಂದು ತಾಗಿ ಕಟಕಟ ಅನ್ನುತ್ತವೆ. ಅದನ್ನು ತಡೆಯಲೆಂದೇ ಕ್ಲಚ್ ಪ್ಲೇಟಿನಲ್ಲಿ ಸ್ಪ್ರಿಂಗುಗಳಿವೆ. ಅವು ಸತ್ತರೆ ಕಟಕಟ ಜೋರಾಗುತ್ತದೆ, ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ಕಡಿಮೆಯಾಗುತ್ತದೆ. ಬೇರಿಂಗ್ ಹಾಗಲ್ಲ, ವೇಗ ಏರಿದಂತೆ ಅದರ ಗರಗರವೂ ಏರುತ್ತದೆ. ಈ ವ್ಯತ್ಯಾಸ ತಿಳಿಯದೆ ಬೇರಿಂಗ್ ಬದಲಿಸಿ, ಮತ್ತೆ ಅದೇ ಸದ್ದಿನೊಂದಿಗೆ ಮನೆಗೆ ಹೋಗುವ ಮಾಲೀಕನನ್ನು ನೆನೆದರೆ ನಿಜಕ್ಕೂ ಸಂಕಟವಾಗುತ್ತದೆ.

ಇನ್ನು ರಸ್ತೆಯ ಪರೀಕ್ಷೆ. ಹಿಂದಿನ ಚಕ್ರ ಎಳೆಯುವ ಐದು ಗೇರಿನ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ನಾಲ್ಕನೆಯದು ನೇರ ಗೇರು. ಎಂಜಿನ್ನಿನ ಬಲ ಮೇಲಿನ ಶಾಫ್ಟಿನಿಂದಲೇ ನೆಟ್ಟಗೆ ಹಿಂದಕ್ಕೆ ಹೋಗುತ್ತದೆ, ಲೇ ಶಾಫ್ಟ್ ಭಾರವಿಲ್ಲದೆ ಸುಮ್ಮನೆ ತಿರುಗುತ್ತಿರುತ್ತದೆ. ಉಳಿದ ಗೇರುಗಳಲ್ಲೆಲ್ಲ ಊಳಿಟ್ಟು, ನಾಲ್ಕನೆಯದಕ್ಕೆ ಬಂದೊಡನೆ ಸದ್ದು ತಗ್ಗಿದರೆ ಲೇ ಶಾಫ್ಟಿನ ಬೇರಿಂಗೋ ಹಲ್ಲೋ ಸವೆದಿದೆ. ಒಂದೇ ಗೇರಿನಲ್ಲಿ ಬಂದರೆ ಆ ಜೋಡಿಯ ಹಲ್ಲು. ಎಲ್ಲದರಲ್ಲೂ ಒಂದೇ ಸಮನಾಗಿದ್ದು, ಖಾಲಿ ಸಮತಟ್ಟು ರಸ್ತೆಯಲ್ಲಿ ಒಂದು ಗಳಿಗೆ ನ್ಯೂಟ್ರಲ್ ಮಾಡಿ ಉರುಳಿಸಿದರೂ ಹೋಗದಿದ್ದರೆ, ಪ್ರೊಪೆಲ್ಲರ್ ಶಾಫ್ಟ್, ಡಿಫರೆನ್ಷಿಯಲ್, ಚಕ್ರದ ಬೇರಿಂಗ್, ಟಯರ್ ಕಡೆ ತಿರುಗಬೇಕು. ಹೊರಡುವಾಗ ಒಮ್ಮೆ ಟಕ್ ಎಂದು ಹೊಡೆದರೆ ಹೆಚ್ಚಾಗಿ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಜಾಯಿಂಟು. ರಿವರ್ಸ್‌ನಲ್ಲಿ ಮಾತ್ರ ಗುಂಯ್ ಎಂದರೆ ಹೆದರಬೇಕಿಲ್ಲ. ಮುಂದಿನ ಗೇರುಗಳ ಹಲ್ಲು ಓರೆ, ಮೆಲ್ಲಗೆ ಜಾರಿಕೊಂಡು ಕಚ್ಚುತ್ತವೆ. ಅನೇಕ ಗಾಡಿಗಳ ರಿವರ್ಸ್ ಹಲ್ಲು ನೇರ, ಅಗಲಕ್ಕೂ ಒಮ್ಮೆಗೇ ತಾಗುತ್ತದೆ.

ಗೇರು ಬದಲಿಸುವಾಗಿನ ಕರ್ರ್ ಸದ್ದಿಗೆ ಬೇರೆಯೇ ವಿಚಾರಣೆ. ವೇಗ ಬೇರೆಬೇರೆಯಾದ ಎರಡು ಭಾಗಗಳನ್ನು ಕಚ್ಚುವ ಮೊದಲು ಸಮ ಮಾಡುವುದು ಸಿಂಕ್ರೋ ರಿಂಗು. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರುಗಳಲ್ಲಿ ಅದು ಬರುವವರೆಗೆ ಗೇರು ಬದಲಿಸುವುದೇ ಕಷ್ಟದ ಕಲೆಯಾಗಿತ್ತು. ಡಬಲ್ ಕ್ಲಚ್ ಹೊಡೆಯುವ, ಅಂದರೆ ನಡುವೆ ನ್ಯೂಟ್ರಲ್‌ನಲ್ಲಿ ಕ್ಲಚ್ ಒಮ್ಮೆ ಬಿಟ್ಟು ಮತ್ತೆ ಒತ್ತುವ, ಹಳೆಯ ಲಾರಿ ಡ್ರೈವರುಗಳ ಅಭ್ಯಾಸ ಆ ಕಾಲದ್ದು. ಈಗಲೂ ಅದೊಂದು ಒಳ್ಳೆಯ ಪರೀಕ್ಷೆ. ಮೂರರಿಂದ ಎರಡಕ್ಕೆ ಇಳಿಸುವಾಗ ಕರ್ರ್ ಎನ್ನುವ ಗೇರು ಡಬಲ್ ಕ್ಲಚ್ಚಿಗೆ ಸುಮ್ಮನೆ ಬಿದ್ದರೆ ಸಿಂಕ್ರೋ ಸವೆದಿದೆ ಎಂದರ್ಥ. ನಿಂತ ಗಾಡಿಯಲ್ಲಿ ಕ್ಲಚ್ ಒತ್ತಿ, ಸ್ವಲ್ಪ ತಡೆದು ರಿವರ್ಸ್ ಹಾಕಿದರೂ ಕರ್ರ್ ಎಂದರೆ, ಕ್ಲಚ್ಚೇ ಪೂರ್ತಿ ಬಿಡಿಸುತ್ತಿಲ್ಲ. ಆಗ ಗೇರ್‌ಬಾಕ್ಸ್ ಮುಟ್ಟುವ ಮೊದಲು ಪೆಡಲಿನ ಹೊಂದಾಣಿಕೆ, ಕೇಬಲ್ ಅಥವಾ ಕ್ಲಚ್ ಆಯಿಲ್ ನೋಡಬೇಕು.

ಸುಮಾರು 900 ಮೀಟರ್ ಎತ್ತರದ ಊರು ಹೊಸೂರು. ಮಾರ್ಗಶಿರದ ಚಳಿಗೆ ಗೇರ್ ಆಯಿಲ್ ಗಟ್ಟಿಯಾಗಿ ಬೆಳಗಿನ ಮೊದಲ ಒಂದೆರಡು ಕಿಲೋಮೀಟರ್ ಲಿವರ್ ಬಿಗಿಯುವುದುಂಟು; ಅದು ರೋಗವಲ್ಲ. ಆಯಿಲ್ ಆರಿಸುವಲ್ಲಿ ಮಾತ್ರ ಅಸಡ್ಡೆ ಕೂಡದು. ಡಿಫರೆನ್ಷಿಯಲ್‌ಗೆ ಹಾಕುವ ಜಿಎಲ್-5 ಎಣ್ಣೆಯನ್ನೇ, ಜಿಎಲ್-4 ಕೇಳುವ ಗೇರ್‌ಬಾಕ್ಸಿಗೂ ಸುರಿಯುವವರಿದ್ದಾರೆ. ಅಂಥ ಕೆಲವು ಎಣ್ಣೆಗಳಲ್ಲಿರುವ ಗಂಧಕದ ರಾಸಾಯನಿಕಗಳು ಸಿಂಕ್ರೋದ ಹಿತ್ತಾಳೆಯನ್ನು ತಿನ್ನಬಲ್ಲವು. ಎಣ್ಣೆಯ ಅತಿ ಜಾರುವಿಕೆಯೂ ತೊಂದರೆಯೇ, ಸಿಂಕ್ರೋ ಕೆಲಸ ಮಾಡುವುದೇ ಉಜ್ಜಾಟದಿಂದ.

ಕಿವಿ ಹೇಳಿದ್ದಕ್ಕೆ ಸಾಕ್ಷಿ ಸಿಗುವುದು ಇಳಿಸಿದ ಎಣ್ಣೆಯಲ್ಲಿ. ಬಿಸಿಲಿಗೆ ಹಿಡಿದಾಗ ಚಿನ್ನದ ಬಣ್ಣದ ಹೊಳಪು ಕಂಡರೆ ಸಿಂಕ್ರೋದ ಹಿತ್ತಾಳೆ. ಡ್ರೈನ್ ಪ್ಲಗ್ಗಿನ ಅಯಸ್ಕಾಂತಕ್ಕೆ ಅಂಟಿದ ನುಣ್ಣನೆಯ ಬೂದು ಲೇಪ ವಯಸ್ಸಿನ ಸವೆತ. ಚೂರು, ಹೆಕ್ಕಳಿಕೆ ಸಿಕ್ಕಿದರೆ ಬೇರಿಂಗೋ ಹಲ್ಲೋ ಒಡೆಯುತ್ತಿದೆ. ಇನ್ನು ತಡಮಾಡದೆ ಬಿಚ್ಚಲೇಬೇಕು.

ಇವೆಲ್ಲಕ್ಕಿಂತ ಹೆಚ್ಚು ಅಪಾಯದ್ದು ಅಷ್ಟಾಗಿ ಸದ್ದೇ ಮಾಡದ ರೋಗ. ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ ಗೇರು ತಾನಾಗಿ ಹಾರಿ ನ್ಯೂಟ್ರಲ್‌ಗೆ ಬರುವುದು. ಹಿಡಿತದ ಹಲ್ಲು ಸವೆದಿರಬಹುದು, ಗೇರ್ ಫೋರ್ಕ್ ಬಾಗಿರಬಹುದು, ಒಳಗೆ ತಡೆಹಿಡಿಯುವ ಗುಂಡು, ಸ್ಪ್ರಿಂಗು ಸೋತಿರಬಹುದು, ಹೊರಗಿನ ಮೌಂಟಿಂಗೇ ಹರಿದಿರಬಹುದು. ಡ್ರೈವರುಗಳು ಲಿವರನ್ನು ಒಂದು ಕೈಯಲ್ಲಿ ಅದುಮಿ ಹಿಡಿದು ತಿಂಗಳುಗಟ್ಟಲೆ ಓಡಿಸುತ್ತಾರೆ. ಧರ್ಮಪುರಿ ದಾಟಿ ಸೇಲಂ ಕಡೆ ಇಳಿಯುವ ತೊಪ್ಪೂರು ಘಾಟಿಯಲ್ಲಿ, ಲೋಡು ಹೊತ್ತ ಗಾಡಿಯ ಗೇರು ಹೀಗೆ ಹಾರಿದರೆ ಎಂಜಿನ್ನಿನ ತಡೆ ಪೂರ್ತಿ ಹೋಗಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ, ಬ್ರೇಕ್ ಕಾದು ಹಿಡಿತ ಬಿಡುತ್ತದೆ. ತಗ್ಗಿನಲ್ಲಿ ಗೇರು ಹಾರುತ್ತೆ ಎಂದು ಡ್ರೈವರು ಹೇಳಿದ ಗಾಡಿಯನ್ನು, ಮೊದಲು ಮೌಂಟಿಂಗು ನೋಡಿ, ಆಮೇಲೆ ಫೋರ್ಕು ನೋಡಿ ಸರಿಮಾಡುವವರೆಗೆ ಆ ಘಾಟಿಗೆ ಬಿಡಬಾರದು. ಬಾಡಿಗೆಯ ಲೋಡು ಅಂಗಳದಲ್ಲಿ ಕಾಯುತ್ತಿದ್ದರೂ ಸರಿ.