ಮಾನಸ ಸರೋವರವನ್ನು ನಡೆದೇ ಏಕೆ ಸುತ್ತಬೇಕು?

ಕೈಲಾಸ-ಮಾನಸ ಯಾತ್ರೆ ಮುಗಿಸಿ ಬಂದ ಸದ್ಭಕ್ತರನ್ನು ‘ಸರೋವರದ ಪರಿಕ್ರಮೆ ಆಯಿತೇ?’ ಎಂದು ಕೇಳಿದರೆ, ‘ಆಯಿತು, ಬಸ್ಸಿನಲ್ಲಿ ಕೆಲವೇ ತಾಸು’ ಎಂಬ ಉತ್ತರ ಈಗ ಸಾಮಾನ್ಯವಾಗಿದೆ. ತಟದ ಸುತ್ತ ವಾಹನಮಾರ್ಗವಿದೆ. ಕಿಟಕಿಯಿಂದ ನೀಲಜಲವನ್ನು ಕಂಡು, ಒಂದೆಡೆ ಇಳಿದು ನೀರು ತುಂಬಿಕೊಂಡು ಮರಳುವುದು ರೂಢಿ. ಅವರ ಭಕ್ತಿಯನ್ನು ಅಳೆಯುವುದು ನಮ್ಮ ಕೆಲಸವಲ್ಲ. ಆದರೆ ಶಕ್ತಿಯೂ ಅವಕಾಶವೂ ಇದ್ದು ವಾಹನವನ್ನೇ ಹಿಡಿದವರು, ಅಷ್ಟು ದೂರ ಹೋಗಿಯೂ ಸರೋವರವನ್ನು ಪೂರ್ಣವಾಗಿ ಕಾಣದೆ ಬಂದಂತೆಯೇ ಸರಿ.

ಶರಣಮಾರ್ಗದವರಾದ ನಮಗೆ ಇಲ್ಲೊಂದು ತೊಡಕುಂಟು. ಕರಸ್ಥಲದಲ್ಲಿ ಇಷ್ಟಲಿಂಗವಿರುವಾಗ ತೀರ್ಥಕ್ಷೇತ್ರಗಳಲ್ಲಿ ಪುಣ್ಯವನ್ನರಸುವುದನ್ನು ಹನ್ನೆರಡನೆಯ ಶತಮಾನದ ಶರಣರು ಒಪ್ಪಲಿಲ್ಲ. ಆದ್ದರಿಂದ ನೀರು ಪಾಪವನ್ನು ತೊಳೆಯುತ್ತದೆಂಬ ಕಾರಣವನ್ನು ನಾವು ಮುಂದಿಡಲಾರೆವು. ಆದರೆ ನಡಿಗೆಯನ್ನು ಅವರು ಅಲ್ಲಗಳೆದವರಲ್ಲ. ಉಡುತಡಿಯಿಂದ ಕಲ್ಯಾಣಕ್ಕೂ, ಅಲ್ಲಿಂದ ಶ್ರೀಶೈಲಕ್ಕೂ ನಡೆದೇ ಹೋದ ತಾಯಿ ಅಕ್ಕಮಹಾದೇವಿ. ಪುಣ್ಯದ ಲೆಕ್ಕವನ್ನು ಬದಿಗಿರಿಸಿದ ಮೇಲೂ ಈ ಸರೋವರವನ್ನು ಸುತ್ತಲು ಬೇಕಾದಷ್ಟು ಕಾರಣಗಳು ಉಳಿಯುತ್ತವೆ.

ಟಿಬೆಟ್ಟಿನ ಪಶ್ಚಿಮ ಭಾಗದಲ್ಲಿ, ಸಮುದ್ರಮಟ್ಟದಿಂದ ಸುಮಾರು 4,590 ಮೀಟರ್ ಎತ್ತರದಲ್ಲಿರುವ ಈ ಸಿಹಿನೀರಿನ ಸರೋವರದ ವಿಸ್ತಾರ ನಾನೂರು ಚದರ ಕಿಲೋಮೀಟರಿಗೂ ಮಿಗಿಲು. ತೀರದ ಸುತ್ತಳತೆ ಸುಮಾರು 88 ಕಿಲೋಮೀಟರ್. ಬಡಗಣ ದಡದ ಜೌಗುನೆಲವನ್ನು ಬಳಸಿ ಹೋಗಬೇಕಾದುದರಿಂದ ಬೇಸಿಗೆಯ ಕಾಲುದಾರಿ ಇದಕ್ಕಿಂತ ದೀರ್ಘ. ನಾಲ್ಕೈದು ದಿನಗಳ ನಡಿಗೆ. ಹಿಂದೂಗಳೂ ಬೌದ್ಧರೂ ಬಲಕ್ಕೆ ಸುತ್ತಿದರೆ, ಟಿಬೆಟ್ಟಿನ ಪ್ರಾಚೀನ ಬೋನ್ ಮತದವರು ಎಡಕ್ಕೆ ಸುತ್ತುತ್ತಾರೆ. ಎದುರುಬದುರಾಗುವ ಈ ಯಾತ್ರಿಕರ ನಡುವೆ ಜಗಳವಿಲ್ಲ!

ವಾಯವ್ಯದಲ್ಲಿ ಬಂಡೆಗುಡ್ಡವೊಂದರ ಮೇಲೆ ಚಿಯು ಗೊಂಪಾ ಎಂಬ ಬೌದ್ಧವಿಹಾರವಿದೆ. ಗಂಗಾಛೂ ಎಂಬ ಕಾಲುವೆ ಅದರ ಬಳಿಯಲ್ಲೇ ಹೊರಟು ಪಕ್ಕದ ರಾಕ್ಷಸತಾಲವನ್ನು ಸೇರುತ್ತದೆ. ಒಂದು ಸಿಹಿನೀರು, ಇನ್ನೊಂದು ತುಸು ಉಪ್ಪು. ನಡುವೆ ಕಿರಿದಾದ ಭೂಭಾಗ. ಇಲ್ಲಿಂದ ಬಲಕ್ಕೆ ಹೊರಟವನಿಗೆ ಮೊದಲು 6,638 ಮೀಟರಿನ ಕೈಲಾಸ ಎಡಗಡೆಗೆ ಹತ್ತಿರವಿದ್ದು, 7,694 ಮೀಟರಿನ ಗುರ್ಲಾ ಮಾಂಧಾತ ನೀರಿನಾಚೆ ತೋರುತ್ತದೆ. ಪೂರ್ವದ ಸೆರಾಲುಂಗನ್ನು ದಾಟಿ ದಕ್ಷಿಣದ ಟ್ರುಗೋ ವಿಹಾರವನ್ನು ಮುಟ್ಟುವಷ್ಟರಲ್ಲಿ ಎಲ್ಲವೂ ಅದಲುಬದಲು: ಮಾಂಧಾತ ಬೆನ್ನ ಹಿಂದೆ, ಕೈಲಾಸ ನೀರಿನಾಚೆ. ಈ ಸ್ಥಾನಪಲ್ಲಟ ಹೆಜ್ಜೆಹೆಜ್ಜೆಗೆ ಆಗುವಂಥದು. ಬಸ್ಸಿನಲ್ಲಿ ಕುಳಿತವರಿಗೆ ಇದು ಎರಡು ಛಾಯಾಚಿತ್ರಗಳಷ್ಟೇ.

ನಡೆದವರೇ ಸರೋವರವನ್ನು ಅರಿತರೆಂಬುದಕ್ಕೆ ಸ್ವಾಮಿ ಪ್ರಣವಾನಂದರೇ ಸಾಕ್ಷಿ. ಆಂಧ್ರ ಮೂಲದ ಈ ಸಂನ್ಯಾಸಿ ಮಾನಸವನ್ನು ಇಪ್ಪತ್ತಕ್ಕೂ ಹೆಚ್ಚು ಬಾರಿ ಪ್ರದಕ್ಷಿಣೆ ಮಾಡಿದವರು. 1936-37ರ ಚಳಿಗಾಲವನ್ನು ಆ ದಕ್ಷಿಣ ತೀರದ ವಿಹಾರದಲ್ಲೇ ಕಳೆದು, ಸರೋವರ ಹೆಪ್ಪುಗಟ್ಟುವುದನ್ನೂ ಒಡೆಯುವುದನ್ನೂ ದಿನದಿನವೂ ಗಮನಿಸಿ ಬರೆದಿಟ್ಟರು. ಕಾವಿಯುಟ್ಟವರು ಕಣ್ಣುಮುಚ್ಚಿ ಕುಳಿತರೆ ಸಾಕೆನ್ನುವವರು ಅವರ ‘ಕೈಲಾಸ್-ಮಾನಸರೋವರ್’ ಗ್ರಂಥವನ್ನು ಒಮ್ಮೆ ತೆರೆದು ನೋಡಬೇಕು.

ಅಂದು ತೀರದ ಸುತ್ತ ಎಂಟು ವಿಹಾರಗಳಿದ್ದವು. 1966ರಿಂದ 1976ರವರೆಗಿನ ಚೀನಾದ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಅವು ಹಾಳಾದವು. ಕೆಲವನ್ನು ಮುಂದೆ ಮತ್ತೆ ಕಟ್ಟಲಾಯಿತು. ಮಠವೊಂದು ಪಾಳುಬಿದ್ದರೆ ಸುತ್ತಣ ಜನಜೀವನ ಏನಾಗುತ್ತದೆಂಬುದು ಮಠದ ಅನ್ನವುಂಡು ಬೆಳೆದ ನಮ್ಮಂಥವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಕಲ್ಲುಗಳ ಮುಂದೆ ನಿಲ್ಲಬೇಕಾದರೂ ಕಾಲ್ನಡಿಗೆಯ ಬಿಡುವು ಬೇಕು.

ಹಂಸಗಳ ಮಾತು ಬಿಟ್ಟರೆ ಲೇಖನ ಅಪೂರ್ಣ. ಮೇಘದೂತದಲ್ಲಿ ಮಾನಸಕ್ಕೆ ಹೊರಟ ರಾಜಹಂಸಗಳನ್ನು ಕಾಳಿದಾಸ ಮೇಘದ ಜೊತೆಗಾರರನ್ನಾಗಿ ಮಾಡಿದ್ದಾನೆ. ಇಂದಿಗೂ ಅಲ್ಲಿ ಕಾಣಸಿಗುವುದು ಪಟ್ಟೆತಲೆಯ ಹೆಬ್ಬಾತು. ಟಿಬೆಟ್ಟು, ಮಂಗೋಲಿಯಾಗಳ ಸರೋವರಗಳಲ್ಲಿ ಮರಿಮಾಡುವ ಈ ಜಾತಿಯ ಹಕ್ಕಿಗಳೇ ಹಿಮಾಲಯವನ್ನು ದಾಟಿ, ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಸಾವಿರಗಟ್ಟಲೆ ಬಂದಿಳಿಯುತ್ತವೆ. ಶಿರಹಟ್ಟಿ ಸೀಮೆಯ ನಮ್ಮ ಒಕ್ಕಲಿನವರಿಗೆ ಅವು ಹೊಸಬರಲ್ಲ.

ಉತ್ಸಾಹದ ಜೊತೆಗೆ ಎಚ್ಚರವೂ ಇರಲಿ. ಅಷ್ಟು ಎತ್ತರದಲ್ಲಿ ಉಸಿರಿಗೆ ದೊರೆಯುವ ಪ್ರಾಣವಾಯು ಕಡಲತೀರದಲ್ಲಿ ದೊರೆಯುವುದರ ಐದರಲ್ಲಿ ಮೂರು ಪಾಲಿನಷ್ಟೇ. ತಲೆನೋವು, ವಾಂತಿ, ನಿದ್ರಾಹೀನತೆ ಹೆಚ್ಚಿದರೆ ‘ಶಿವನಿಚ್ಛೆ’ ಎಂದು ಮುಂದುವರಿಯುವುದು ಭಕ್ತಿಯಲ್ಲ, ಅವಿವೇಕ, ಕೂಡಲೇ ಕೆಳಗಿಳಿಯಬೇಕು. 2020ರಲ್ಲಿ ನಿಂತ ಭಾರತ ಸರ್ಕಾರದ ಯಾತ್ರೆ 2025ರಲ್ಲಿ ಮತ್ತೆ ಆರಂಭವಾಯಿತು; ವಯೋಮಿತಿ 18ರಿಂದ 70, ವೈದ್ಯಕೀಯ ಪರೀಕ್ಷೆ ಕಡ್ಡಾಯ. ಸರೋವರದ ಸುತ್ತು ಸಾಮಾನ್ಯವಾಗಿ ವಾಹನದಲ್ಲೇ ಆಗುವುದರಿಂದ, ನಡೆಯಲು ಅನುಮತಿಯುಂಟೇ ಎಂಬುದನ್ನು ಹೊರಡುವ ಮೊದಲೇ ವಿಚಾರಿಸಿಕೊಳ್ಳಬೇಕು. ಪೂರ್ಣ ಪರಿಕ್ರಮೆ ಸಾಧ್ಯವಾಗದೆ ಒಂದೇ ದಿನದ ಅವಕಾಶ ದೊರೆತರೆ, ಟ್ರುಗೋದಿಂದ ಪಶ್ಚಿಮಕ್ಕೆ, ಗೊಸ್ಸುಲ್ ವಿಹಾರದ ದಿಕ್ಕಿನ ತೀರವನ್ನೇ ಆರಿಸಿಕೊಳ್ಳಿರಿ. ಅಲ್ಲಿ ನೀರು ಬಲಗಡೆಗೆ ಇರುತ್ತದೆ, ಅದರಾಚೆ ಕೈಲಾಸ.